ಜೂನ್ ಒಂದರ ಮಕ್ಕಳು

ಮುನಿರಾಜಪ್ಪ ಮೇಷ್ಟ್ರ ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದನೇ ತಾರೀಕು ಹುಟ್ಟಿದವರು. ಹುಟ್ಟಿದವರು ಅನ್ನುವುದಕ್ಕಿಂತ ಮೇಷ್ಟ್ರು ಹಾಗೆ ಬರೆದುಕೊಂಡವರು. ಕೆ.ಆರ್. ಪುರದಾಚೆ ಕೆರೆ ದಂಡೆಯ ಆ ಸರ್ಕಾರಿ ಶಾಲೆಗೆ ಬರುತ್ತಿದ್ದದ್ದು ಸುರಪುರ, ಶಹಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು ಶೀಟಿನ ಕೋಣೆಗಳಲ್ಲಿ ಬಾಡಿಗೆಗಿದ್ದವರ ಮಕ್ಕಳು. ಹುಟ್ಟಿದ್ದು ಯಾವಾಗ ಎಂದರೆ ತಾಯಂದಿರು ಸಜ್ಜೆ ರಾಶಿ ಆದ ಮೇಲೆ ಅನ್ನುವರು, ಹೊಳೆ ಬಂದ ವರ್ಷ ಅನ್ನುವರು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವರು. ಬೆರಳು ಕಿವಿಗೆ ತಾಗಿದರೆ ಆರು ವರ್ಷ. ಲೆಕ್ಕ ಹಿಡಿದು ವರ್ಷ ಬರೆಯುವರು, ಮುಂದೆ ಜೂನ್ ಒಂದು ಹಾಕುವರು. ಆಗ ಎಲ್ಲ ಶಾಲೆಯಲ್ಲೂ ನಡೆಯುತ್ತಿದ್ದದ್ದು ಅದೇ.

ತೊಂಬತ್ತಮೂರರಲ್ಲಿ ಜಟ್ಟೆಮ್ಮ ಅನ್ನುವವಳು ಎಂಟು ವರ್ಷದ ಮಗಳು ಲಕ್ಷ್ಮಿದೇವಿಯನ್ನು ಸೇರಿಸಿದಳು. ಹುಡುಗಿ ಹತ್ತು ದಿನ ಬಂದು ನಿಂತುಬಿಟ್ಟಳು. ಮೇಷ್ಟ್ರು ಸೈಕಲ್ ಹತ್ತಿ ಅವರ ಕೋಣೆಗೆ ಹೋದರು. ಗಂಡ ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಹೋಗಿದ್ದರು. ಲಕ್ಷ್ಮಿದೇವಿ ತಂಗಿ ಅಯ್ಯಮ್ಮನನ್ನು ಸೊಂಟಕ್ಕೆ ಹಾಕಿಕೊಂಡು ಒಲೆ ಊದುತ್ತಿದ್ದಳು. ತಂಗಿಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ, ಅದಕ್ಕೇ ಬರಲಿಲ್ಲ ಅಂದಳು. ಮಾರನೆಯ ದಿನ ಇಬ್ಬರನ್ನೂ ಕರೆದುಕೊಂಡು ಬಾ ಎಂದರು ಮೇಷ್ಟ್ರು.

ಅಯ್ಯಮ್ಮನಿಗೆ ಆಗ ನಾಲ್ಕು. ಬೆರಳು ನೆತ್ತಿ ದಾಟಲಿಲ್ಲ. ಮೇಷ್ಟ್ರು ಅವಳ ತಲೆಯನ್ನು ಒಂದಿಷ್ಟು ಓರೆ ಮಾಡಿ, ಕೈಯನ್ನು ತಾವೇ ಎಳೆದು, "ತಾಗ್ತು ನೋಡು" ಅಂದರು. ದಾಖಲಾತಿ ಪುಸ್ತಕದಲ್ಲಿ ೧-೬-೧೯೮೭ ಎಂದು ಬರೆದರು. ಅಕ್ಕ ಓದುವುದಕ್ಕಾಗಿ ತಂಗಿ ಎರಡು ವರ್ಷ ದೊಡ್ಡವಳಾದಳು. ಒಳ್ಳೆಯದಕ್ಕೇ ಮಾಡಿದ್ದು, ಆದದ್ದೂ ಒಳ್ಳೆಯದೇ. ಲಕ್ಷ್ಮಿದೇವಿ ಹತ್ತನೆಯದು ಪಾಸಾಗಿ ಕಮ್ಮನಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಹಿಡಿದಳು. ಅಯ್ಯಮ್ಮ ಅಕ್ಕನಿಗಿಂತ ಚುರುಕು. ಪಿಯುಸಿಯಲ್ಲಿ ಕಾಲೇಜಿಗೇ ಎರಡನೆಯವಳಾಗಿ ಬಂದಳು.

ಎರಡು ಸಾವಿರದ ಐದು. ಜೂನ್ ಮೂವತ್ತಕ್ಕೆ ಮೇಷ್ಟ್ರ ನಿವೃತ್ತಿ. ಹುಣಸೆಮರದಡಿಯ ನಲವತ್ತು ಮಕ್ಕಳ ಶಾಲೆಯನ್ನು ಮುನ್ನೂರು ಮಕ್ಕಳ ಶಾಲೆ ಮಾಡಿದವರು. ಇಂದಿಗೂ ಅವರೆದುರು ಸ್ಕೂಟರಿನಲ್ಲಿ ಬಂದವರು ಇಳಿದು ತಳ್ಳಿಕೊಂಡು ಹೋಗುವರು. ಹಳೆಯ ವಿದ್ಯಾರ್ಥಿಗಳು ಬೆಳ್ಳಿ ತಟ್ಟೆ ಮಾಡಿಸಿದ್ದರು, ಮೆರವಣಿಗೆಗೆ ಶಿವಾಜಿನಗರದಿಂದ ಸಾರೋಟು ಗೊತ್ತು ಮಾಡಿದ್ದರು.

ಮೇ ಕೊನೆಯಲ್ಲಿ ಲಕ್ಷ್ಮಿದೇವಿ ಮನೆಗೇ ಬಂದಳು. ಅಪ್ಪ ಜಟ್ಟೆಪ್ಪ ಅಯ್ಯಮ್ಮನಿಗೆ ಊರ ಕಡೆಯ ಮೂವತ್ತೈದರ ಗಂಡನ್ನು ಗೊತ್ತು ಮಾಡಿದ್ದ. ಜೂನ್ ಐದರ ಭಾನುವಾರ ಮದುವೆ. ಜಟ್ಟೆಪ್ಪ ಕಾನೂನು ಬಲ್ಲವನು. ಅಂಕಪಟ್ಟಿಯಲ್ಲಿರುವ ಹದಿನೆಂಟು ಜೂನ್ ಒಂದಕ್ಕೆ ತುಂಬಲಿ ಎಂದು ಕಾದು ಇಟ್ಟ ಮುಹೂರ್ತ ಅದು. ಹುಡುಗಿ ಮೂರು ದಿನದಿಂದ ಊಟ ಬಿಟ್ಟಿದ್ದಾಳೆ, ಡಿಗ್ರಿ ಓದಬೇಕು ಅನ್ನುತ್ತಾಳೆ. ಮಕ್ಕಳ ಇಲಾಖೆಗೆ ಅರ್ಜಿ ಕೊಟ್ಟಿದ್ದೇನೆ, ಅವರು ಬಂದು ಕೇಳಿದಾಗ ಅವಳಿಗೆ ನಿಜವಾಗಿ ಹದಿನಾರು ಎಂದು ಎರಡು ಸಾಲು ಬರೆದುಕೊಡಿ ಎಂದು ಬೇಡಿಕೊಂಡಳು. ಮೇಷ್ಟ್ರು ನೋಡೋಣ ಅಂದರು. ಕಾಫಿ ಕುಡಿಸಿ ಕಳಿಸಿದರು.

ಅಂದಿನಿಂದ ಅವರಿಗೆ ನಿದ್ದೆ ಸರಿ ಬರಲಿಲ್ಲ. ಇದೊಂದು ತಾರೀಕು ಸುಳ್ಳು ಎಂದು ಬರೆದುಕೊಟ್ಟರೆ ಉಳಿದವು? ಪೊಲೀಸ್ ಸೇರಿದ ಚಿನ್ನಪ್ಪ, ಕಂಡಕ್ಟರಾದ ಬಸು, ಎಲ್ಲರೂ ಜೂನ್ ಒಂದರವರೇ. ಅವರೆಲ್ಲರ ನೌಕರಿಗೆ ಕುತ್ತು ಬಂದರೆ ಎಂದು ಹೆಂಡತಿಯೊಡನೆ ಹೇಳಿಕೊಂಡರು. ಮಕ್ಕಳ ನೆಪ ಮುಂದೆ ನಿಂತಿತ್ತು. ಅದರ ಹಿಂದೆ ಇಲಾಖೆಯ ವಿಚಾರಣೆ, ತಡೆದು ಹೋಗುವ ಪಿಂಚಣಿ, ಮಾಲೆ ಹಾಕಿದ ಸಾರೋಟು ನಿಂತಿದ್ದವು. ಅದನ್ನು ಅವರು ಹೆಂಡತಿಗೂ ಹೇಳಲಿಲ್ಲ.

ಜೂನ್ ಎರಡಕ್ಕೆ ಉಮ್ಮೆ ಕುಲ್ಸುಂ ಎಂಬ ಅಧಿಕಾರಿ ಶಾಲೆಗೆ ಬಂದರು. ಲಕ್ಷ್ಮಿದೇವಿ ಬಾಗಿಲ ಹೊರಗೆ ನಿಂತಿದ್ದಳು. ಮೇಷ್ಟ್ರು ದಾಖಲಾತಿ ಪುಸ್ತಕ ತರಿಸಿ ಮುಂದಿಟ್ಟರು. ಎಲ್ಲೂ ತಿದ್ದಿದ ಗುರುತಿಲ್ಲದ, ಮುತ್ತಿನಂಥ ಅಕ್ಷರ. ಆಕೆ ಅದನ್ನು ನೋಡಿ ಮುಚ್ಚಿದರು.

"ಪುಸ್ತಕ ನೋಡಕ್ಕೆ ಬಂದಿಲ್ಲ ಸರ್, ನಿಮ್ಮನ್ನ ಕೇಳಕ್ಕೆ ಬಂದೆ. ಅಂದಾಜಲ್ಲಿ ಬರ್ಕೊಂಡಿದ್ದು ಅಂತ ನೀವೊಂದು ಮಾತು ಬರ್ದುಕೊಟ್ರೆ ಮದುವೆ ನಿಲ್ಲಿಸ್ತೀನಿ. ತಾರೀಕು ನಿಜಾನಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಮತ್ತೆ ಹಾಕಿಕೊಂಡರು.

"ತಂದೆ ತಾಯಿ ಹೇಳಿದ್ದನ್ನ ಬರ್ದಿದೀನಮ್ಮ. ಪುಸ್ತಕದಲ್ಲಿ ಇರೋದೇ ಸರಿ."

ಆಕೆ ಮತ್ತೆ ಕೇಳಲಿಲ್ಲ. ಬೇರೆ ಯಾರ ಮಾತಾಗಿದ್ದರೂ ವೈದ್ಯರ ಹತ್ತಿರ ಕಳಿಸಿ ವಯಸ್ಸು ಪರೀಕ್ಷೆ ಮಾಡಿಸುತ್ತಿದ್ದೆ, ನಿಮ್ಮ ಬಗ್ಗೆ ಕೇಳಿ ಬಲ್ಲೆ ಎಂದು ಹೇಳಿ, ಕೈಮುಗಿದು ಜೀಪು ಹತ್ತಿದರು. ಮೇಷ್ಟ್ರು ಹೊರಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಲಕ್ಷ್ಮಿದೇವಿ ಇರಲಿಲ್ಲ.

ಅದೇ ಸಂಜೆ ಜಟ್ಟೆಪ್ಪ ತಾಂಬೂಲದ ತಟ್ಟೆ ಹಿಡಿದು ಬಂದ. ಕಾಲಿಗೆ ಬಿದ್ದು, ನೀವು ಅಕ್ಷತೆ ಹಾಕದೆ ಮಗಳ ಮದುವೆ ಆಗುವುದಿಲ್ಲ ಅಂದ. ಹೋಗದಿದ್ದರೆ ಜನ ಏನಂದುಕೊಂಡಾರು ಎಂದು ಮೇಷ್ಟ್ರು ಹೋದರು.

ಕೆರೆ ಪಕ್ಕದ ಬಯಲಿನಲ್ಲಿ ಶಾಮಿಯಾನ. ಅವರನ್ನು ಕರೆದು ಮೊದಲ ಸಾಲಿನಲ್ಲಿ ಕೂರಿಸಿದರು. ಅಯ್ಯಮ್ಮ ತಲೆ ಎತ್ತಲಿಲ್ಲ. ತಾಳಿ ಕಟ್ಟುವಾಗ ಮೇಷ್ಟ್ರು ಎದ್ದು ನಿಂತು ಎಲ್ಲರಿಗಿಂತ ಮೊದಲು ಅಕ್ಷತೆ ಹಾಕಿದರು.

ಊಟಕ್ಕೆ ಕೂತಾಗ ಅವರ ಸಾಲಿಗೆ ಸಾರಿನ ಬಕೆಟ್ ಹಿಡಿದು ಬಂದವಳು ಲಕ್ಷ್ಮಿದೇವಿ. ಪಕ್ಕದವರಿಗೆ ಬಡಿಸಿದಳು, ಅವರ ಎಲೆಯ ಮುಂದೆ ಬಗ್ಗಿದಳು. ದನಿ ಏರಿಸಲಿಲ್ಲ.

"ನಾನು ಓದ್ಲಿ ಅಂತ ಅವತ್ತು ನಮ್ಮ ತಂಗೀದು ಎರಡು ವರ್ಷ ತಗೊಂಡ್ರಿ ಸರ. ಅದು ತಪ್ಪಲ್ಲ. ಮೊನ್ನೆ ವಾಪಸ್ ಕೇಳಿದ್ವಿ, ನಿಮ್ಮ ಕಡೆ ಇದ್ರೂ ಕೊಡ್ಲಿಲ್ಲ."

ಮೇಷ್ಟ್ರು ಸುತ್ತ ನೋಡಿದರು. ಯಾರಿಗೂ ಕೇಳಿಸಿರಲಿಲ್ಲ. ಲಕ್ಷ್ಮಿದೇವಿ ಸೌಟು ಎತ್ತಿ ಹಿಡಿದೇ ಇದ್ದಳು.

"ಸಾರು ಬಿಡ್ಲಾ?" ಅಂದಳು.

"ಬಿಡಮ್ಮ" ಎಂದು ಮೇಷ್ಟ್ರು ಅನ್ನದ ನಡುವೆ ಗುಳಿ ಮಾಡಿದರು.