ಬೋಗಿಗಳು ಬೇರೆಯಾಗುವ ನಿಲ್ದಾಣ

ಕೋಟಿನ ಎರಡನೆಯ ಗುಂಡಿ ಸಂಜೆಯವರೆಗೂ ನಿಲ್ಲುವುದಿಲ್ಲ, ಒಂದೇ ಒಂದು ಎಳೆಯಲ್ಲಿ ಜೋಲುತ್ತಿದೆ, ಟಿಕೆಟ್ ನೋಡುವವನು ಬಗ್ಗಿದಾಗಲೆಲ್ಲ ಅದೂ ಬಗ್ಗುತ್ತದೆ, ಅವನಿಗೆ ಗೊತ್ತಿಲ್ಲ, ಅವನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ — ಅಥವಾ ಗೊತ್ತಿದ್ದೂ ಬಿದ್ದರೆ ಬೀಳಲಿ ಎಂದುಕೊಂಡಿದ್ದಾಳೋ ಏನೋ, ಅಂಥ ಹೆಂಡತಿಯರೂ ಇರುತ್ತಾರೆ. ಸೀಟಿನಲ್ಲಿ ಕೂತು ಅದನ್ನೇ ನೋಡುತ್ತಿದ್ದವಳ ಬೆರಳುಗಳು ಮಡಿಲಲ್ಲಿ ತಾವಾಗಿಯೇ ದಾರ ಪೋಣಿಸುವ ಹಾಗೆ ಒಂದಕ್ಕೊಂದು ತಾಗಿದವು, ರಿಪೇರಿ ಬಟ್ಟೆಗಳ ನಡುವೆ ಎರಡು ವರ್ಷ ಕೂತು ಈಗ ಮನುಷ್ಯರ ಮುಖಕ್ಕಿಂತ ಮೊದಲು ಅವರ ಹೊಲಿಗೆ ಕಾಣುತ್ತದೆ, ಎದುರಿನ ಸೀಟಿನ ಹೆಂಗಸಿನ ಲಂಗದ ಅಂಚು ಎಡಕ್ಕೆ ಅರ್ಧ ಬೆರಳು ಇಳಿದಿದೆ, ಕಿಟಕಿಯಾಚೆ ಕಟಾವಾದ ಹೊಲ, ಒಂದು ಗೋದಾಮು, ಮತ್ತೆ ಹೊಲ, ಯಾವ ದೇಶದ ರೈಲಿನಲ್ಲಿ ಕೂತರೂ ಹೊಲಗಳು ಹಿಂದಕ್ಕೇ ಓಡುತ್ತವೆ. ಟಿಕೆಟ್ ನೋಡುವವನು ಏನೋ ಹೇಳಿ ಎರಡು ಬೆರಳು ಜೋಡಿಸಿ ಬಿಡಿಸಿ ತೋರಿಸಿದ, ಗೊತ್ತು ಗೊತ್ತು ಎಂದು ಅವಳು ಅವನ ಮಾತಿನಲ್ಲೇ ಹೇಳಿದಳು, ಅವನು ಸಮಾಧಾನದಿಂದ ಮುಂದೆ ಹೋದ. ಮುಂದಿನ ನಿಲ್ದಾಣದಲ್ಲಿ ರೈಲು ಎರಡಾಗುತ್ತದೆ, ಅವಳು ಕೂತಿರುವ ಹಿಂದಿನ ನಾಲ್ಕು ಬೋಗಿ ಅವರು ಹೊರಟಿರುವ ಸರೋವರದ ಊರಿಗೆ, ಮುಂದಿನ ಐದು ಬೇರೆ ದಾರಿಯಲ್ಲಿ ಇನ್ನೆಲ್ಲಿಗೋ, ಹನ್ನೊಂದು ನಿಮಿಷದಲ್ಲಿ. ಗಂಡ ಚಹಾ ತರುತ್ತೇನೆಂದು ಮುಂದಿನ ಬೋಗಿಗಳ ಕಡೆ ಹೋಗಿದ್ದಾನೆ. ಅವನ ಫೋನು ಇಲ್ಲೇ ಸೀಟಿನ ಪಕ್ಕ ಚಾರ್ಜಿಗೆ ನೇತುಬಿದ್ದಿದೆ.

ಹೋಗಿ ಕರೆದುಕೊಂಡು ಬಂದರೆ ಆಯಿತು, ಹನ್ನೊಂದು ನಿಮಿಷ ಎಂದರೆ ಧಾರಾಳ, ಪ್ಯಾಂಟಿನ ಒಂದು ಕಾಲು ಮಡಚಿ ಹೊಲಿಯುವಷ್ಟು ಹೊತ್ತು, ಈಗ ಏಳುತ್ತೇನೆ ಎಂದುಕೊಳ್ಳುತ್ತ ಅವಳು ಕೂತೇ ಇದ್ದಳು. ಮೊದಲ ದೇಶಕ್ಕೆ ಬಂದಿಳಿದ ವಾರವೇ ಅವನು ಕೆಲಸ ಹಂಚಿದ್ದ, ನಕ್ಷೆ ಬೋರ್ಡು ನಾನು ನೋಡ್ಕೋತೀನಿ, ಜನರ ಮಾತು ನೀನು ಕೇಳ್ಕೋ, ಇಬ್ಬರೂ ಎರಡೂ ಮಾಡೋದು ಯಾಕೆ ದಂಡಕ್ಕೆ. ಅವನದು ಕಾಗದದ ಕಾರ್ಖಾನೆಗಳಲ್ಲಿ ಯಂತ್ರ ಕೂರಿಸುವ ಕೆಲಸ, ಕೂರಿಸಿ, ಓಡಿಸಿ, ಅಲ್ಲಿಯವರ ಕೈಗೆ ಒಪ್ಪಿಸಿ, ಮುಂದಿನ ಕಾರ್ಖಾನೆ, ಮುಂದಿನ ದೇಶ, ಕಾರ್ಖಾನೆಯ ಒಳಗೆ ಇಂಗ್ಲಿಷಿನಲ್ಲಿ ನಡೆದುಹೋಗುತ್ತದೆ, ಹೊರಗೆ ಬಂದರೆ ಅವಳಿದ್ದಾಳೆ, ಡಾಕ್ಟರ ಹತ್ತಿರ, ಮನೆ ಮಾಲೀಕನ ಹತ್ತಿರ, ಕೊಳಾಯಿ ಸರಿಮಾಡುವವನ ಹತ್ತಿರ, ರೈಲಿನಲ್ಲಿ. ಮೂರು ದೇಶ, ಮೂರು ಭಾಷೆ, ಪ್ರತಿ ಸಲವೂ ಮೊದಲು ಬರುವುದು ಉಪ್ಪು, ಆಮೇಲೆ ಎಡ ಬಲ, ಆಮೇಲೆ ನೋವು, ಎಲ್ಲಿ ನೋವು ಎಂಥ ನೋವು ಎಂದು ಬಿಡಿಸಿ ಹೇಳಲು ಬರುವಷ್ಟರಲ್ಲಿ ಪೆಟ್ಟಿಗೆ ಕಟ್ಟುವ ಹೊತ್ತು. ದೇಶ ಬಿಡುವ ಮೊದಲು ನೋಡದೆ ಉಳಿದ ಒಂದು ಜಾಗ ನೋಡಿ ಬರುವುದು ಅವರಿಬ್ಬರ ಪದ್ಧತಿ, ಮೊದಲ ಸಲ ಒಂದು ಜಲಪಾತ, ಎರಡನೆಯ ಸಲ ಒಂದು ಗಣಿ, ಈ ಸಲ ಸರೋವರ, ಬೆಳಿಗ್ಗೆಯಿಂದ ಅವನು ಶಿಳ್ಳೆ ಹಾಕುತ್ತಿದ್ದಾನೆ, ಹೊರಡುವುದೆಂದರೆ ಅವನಿಗೆ ಮೈಯೆಲ್ಲ ಹಗುರ. ನಿನ್ನ ಗಂಡನ ಕಾಲಿಗೆ ಚಕ್ರ ಕಟ್ಟಿದೆ ಕಣೇ, ನೀನು ಆ ಚಕ್ರಕ್ಕೆ ಎಣ್ಣೆ ಬಿಡೋಳು, ಎಂದು ಅಕ್ಕ ಫೋನಿನಲ್ಲಿ ನಗುತ್ತಾಳೆ, ಒಂದಿನ ಎಣ್ಣೆ ಮುಗೀತು ಅಂತ ಹೇಳಿ ನೋಡು, ಏನ್ ಮಾಡ್ತಾನೆ, ಇವಳೂ ನಗುತ್ತಾಳೆ, ಅಂಗಡಿಗೆ ಹೋಗಿ ತರ್ತಾನೆ ಬಿಡು. ಮಕ್ಕಳಿದ್ದಿದ್ದರೆ ಶಾಲೆ ಎಂಬ ನೆಪವಾದರೂ ಇರುತ್ತಿತ್ತು, ನೆಪವಿಲ್ಲದವಳು ಬೇಡ ಎನ್ನಬೇಕಾದರೆ ಬೇಡ ಎಂದೇ ಅನ್ನಬೇಕು, ಅದೇ ಕಷ್ಟ.

ಆದರೆ ಈ ಸಲ ಅವಳ ಬಾಯಿಂದ ಮೊದಲು ಬಂದದ್ದು ಒಪ್ಪಿಗೆ, ಬೇರೆಯವರಿಗೆ ಕೊಟ್ಟ ಒಪ್ಪಿಗೆ, ಕಳೆದ ಸೋಮವಾರ, ಅವಳು ಹೊಲಿಯುವ ಅಂಗಡಿಯಲ್ಲಿ. ಅಂಗಡಿ ಎಂದರೆ ಒಂದೇ ಕೋಣೆ, ಎರಡು ಮೆಷಿನ್ನು, ಹರಿದದ್ದು ಸಡಿಲಾದದ್ದು ಉದ್ದವಾದದ್ದು ಬಂದು ಬೀಳುವ ಒಂದು ಬುಟ್ಟಿ. ಅಂಗಡಿಯಾಕೆಗೆ ಎಪ್ಪತ್ತು ದಾಟಿದೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ, ಮೊದಲ ದಿನ ಇವಳು ಹೊಲಿದ ಕೋಟಿನ ತೋಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಎಲ್ಲಿ ಹರಿದಿತ್ತು ಅಂತ ನನಗೇ ಸಿಗ್ತಾ ಇಲ್ಲ, ಹಾಳಾದವಳೇ, ಇಷ್ಟು ದಿನ ಎಲ್ಲಿ ಸತ್ತಿದ್ದೆ, ಎಂದು ಬೈದಿದ್ದಳು, ಮದುವೆಯಾದ ಇಪ್ಪತ್ತೊಂದು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಬೈದಿರಲಿಲ್ಲ, ಆ ದಿನ ಮನೆಗೆ ನಡೆದೇ ಹೋದಳು, ಬಸ್ಸಿದ್ದರೂ. ಸೋಮವಾರ ಆಕೆ ಸೂಜಿಗಳನ್ನೆಲ್ಲ ತುಟಿಯಿಂದ ತೆಗೆದಿಟ್ಟು ಹೇಳಿದಳು, ನನ್ನ ಕಣ್ಣು ಸೋತಿದೆ, ಒಂದನೇ ತಾರೀಖಿನಿಂದ ಕಿಟಕಿ ಪಕ್ಕದ ಮೆಷಿನ್ನೂ ನಿನ್ನದು, ಬಾಗಿಲ ಕೀಲಿನೂ ನಿನ್ನದು, ಆಗುತ್ತಾ ಇಲ್ವಾ ಇವತ್ತೇ ಹೇಳು. ಆಗುತ್ತೆ, ಎಂದಳು ಇವಳು. ಮನೆಯಲ್ಲಿ ಕೇಳಿ ಹೇಳ್ತೀನಿ ಎನ್ನಲಿಲ್ಲ, ಆಶ್ಚರ್ಯ ಆದದ್ದು ಅದಕ್ಕೆ. ಬುಧವಾರ ಗಂಡ ಕಾಗದ ತಂದ, ನಾಲ್ಕನೆಯ ದೇಶ, ಕಂಪನಿಗೆ ಈ ಸಲ ಹೆಂಡತಿಯ ಸಹಿಯೂ ಬೇಕಂತೆ, ಮೂರೇ ವರ್ಷ, ಆಮೇಲೆ ನೋಡೋಣ, ನಿನಗೇನಮ್ಮ, ಆರು ತಿಂಗಳಲ್ಲಿ ಅಲ್ಲಿಯ ಭಾಷೆನೂ ನುಂಗಿ ನೀರು ಕುಡೀತೀಯ, ಪ್ರೀತಿಯಿಂದಲೇ ಹೇಳಿದ, ಅವನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬುಧವಾರವೇ ಹೇಳಿ ಮುಗಿಸಬಹುದಿತ್ತು. ಅವಳ ಭಾಗವನ್ನೂ ಅವನೇ ತುಂಬಿದ್ದಾನೆ, ಹೆಸರು, ಹುಟ್ಟಿದ ದಿನ, ಉದ್ಯೋಗ ಎಂಬಲ್ಲಿ ಒಂದು ಗೀಟು, ಸ್ಕೇಲು ಇಟ್ಟು ಎಳೆದದ್ದು, ಅವನ ಕೆಲಸ ಯಾವಾಗಲೂ ಅಚ್ಚುಕಟ್ಟು. ತಲೆಯ ಮೇಲಿನ ಚೀಲದಲ್ಲಿ ಅದು ಮಡಚಿಕೊಂಡು ಕೂತಿದೆ, ನಾಡಿದ್ದು ಆಫೀಸಿಗೆ ಹೋಗಬೇಕು, ನೀರಿನ ದಡದಲ್ಲಿ ಕೂತು ಸಹಿ ಹಾಕಿಬಿಡು, ಫೋಟೋ ತೆಗೀತೀನಿ, ಎಂದಿದ್ದ.

ಐದು ನಿಮಿಷ. ಎದ್ದಳು, ಫೋನನ್ನು ಕಿತ್ತುಕೊಂಡು ಬೋಗಿಯ ತುದಿಯವರೆಗೆ ನಡೆದಳು, ಬಾಗಿಲು ತೆರೆದೇ ಇತ್ತು, ಆಚೆ ಮುಂದಿನ ಐದರಲ್ಲಿ ಕೊನೆಯ ಬೋಗಿಯ ಬಾಗಿಲು, ನಡುವೆ ಎರಡು ಕಬ್ಬಿಣದ ತಗಡುಗಳು ಒಂದರ ಮೇಲೊಂದು ಜಾರುತ್ತಿದ್ದವು, ತಿರುವಿನಲ್ಲಿ ಅವು ದೂರಾದಾಗ ಕೆಳಗೆ ಒಂದು ಗೇಣು ಬೆಳಕು, ಬೆಳಕಿನಲ್ಲಿ ಜಲ್ಲಿಕಲ್ಲು, ಕಲ್ಲು ಓಡುವುದು ಕಾಣುವುದಿಲ್ಲ, ಬೂದು ಗೆರೆಗಳಷ್ಟೇ. ಒಂದು ಹೆಜ್ಜೆ ಇಟ್ಟರೆ ಆಚೆ. ಇಟ್ಟರೆ ಅವನ ಹತ್ತಿರ ಹೋಗಿ, ಬನ್ನಿ, ಗಾಡಿ ಬೇರೆ ಆಗುತ್ತಂತೆ ಎನ್ನುತ್ತಾಳೆ, ಅಯ್ಯೋ ಹೌದಾ ಎಂದು ಅವನು ನಗುತ್ತಾನೆ, ನೀನಿಲ್ಲದಿದ್ದರೆ ನನ್ನ ಗತಿ ಏನು ಎನ್ನುತ್ತಾನೆ, ಸರೋವರ ಬರುತ್ತದೆ, ಪೆನ್ನು ಬರುತ್ತದೆ — ಒಂದು ಗೇಣು ಬೆಳಕು, ಕಲ್ಲು, ಮುಚ್ಚಿತು. ರೈಲು ನಿಧಾನವಾಯಿತು, ಗೆರೆಗಳು ಒಡೆದು ಒಂದೊಂದೇ ಕಲ್ಲಾದವು, ನಿಂತಿತು. ಕಿತ್ತಳೆ ಬಣ್ಣದ ಅಂಗಿಯ ಕೆಲಸಗಾರನೊಬ್ಬ ಪ್ಲಾಟ್‌ಫಾರ್ಮಿನಿಂದ ಹತ್ತಿ ಬಂದ, ಕೈಯಲ್ಲಿ ಕೀಲಿ, ಬಾಗಿಲು ಹಾಕ್ತೀನಮ್ಮ, ನೀವು ಈ ಕಡೆನೋ ಆ ಕಡೆನೋ ಎಂದು ಅವನ ಭಾಷೆಯಲ್ಲಿ ಕೇಳಿದ. ಈ ಕಡೆ, ಎಂದಳು. ಒಬ್ಬರೇನಾ? ಎಂದು ಕೇಳುತ್ತಲೇ ಅವನು ಬಾಗಿಲೆಳೆದು ಕೀಲಿ ತಿರುಗಿಸಿದ, ಆಚೆಯ ಬಾಗಿಲನ್ನೂ ಹಾಕಿ ಕೆಳಗಿಳಿದು ಹೋದ.

ಎರಡು ಗಾಜುಗಳ ಆಚೆ ಗಂಡ ಬಂದು ನಿಂತಿದ್ದ, ಎರಡು ಕಾಗದದ ಲೋಟ, ಉಫ್ ಎಂದು ಊದಿ ಬಿಸಿ ತೋರಿಸಿದ, ಬಾಗಿಲನ್ನು ಮೊಣಕೈಯಿಂದ ತಳ್ಳಿದ, ತೆರೆಯಲಿಲ್ಲ, ಏನು ಎಂದು ಹುಬ್ಬೆತ್ತಿದ. ಅವಳಿಗೆ ಸಾಕಷ್ಟು ಹೊತ್ತಿತ್ತು, ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು, ಹೇಳಿದಳು, ಜೋರಾಗಿಯಲ್ಲ, ಅಡುಗೆಮನೆಯಲ್ಲಿ ಮಾತಾಡುವಷ್ಟು ದನಿಯಲ್ಲಿ, ಹೊಸ ದೇಶಕ್ಕೆ ನಾನು ಬರಲ್ಲ, ಸಹಿ ಹಾಕಲ್ಲ, ಅಂಗಡಿಯಾಕೆಗೆ ಆಗುತ್ತೆ ಅಂದಿದ್ದೀನಿ, ಕೋಪ ಏನಿಲ್ಲ, ಬರಲ್ಲ ಅಷ್ಟೇ. ಅವನು ನೋಡಿದ, ತಲೆಯಾಡಿಸಿದ, ನಗುತ್ತಾ, ಎರಡು ಸಲ. ಬ್ರೆಡ್ಡು ಮಾರುವವಳಿಗೆ, ಪಕ್ಕದ ಮನೆಯ ಮುದುಕನಿಗೆ ಅವನು ಆಡಿಸುವುದು ಹೀಗೇ, ಒಂದಕ್ಷರವೂ ತಿಳಿಯದಾಗ, ತಿಳಿದವನ ಹಾಗೆ, ಕನ್ನಡಕ್ಕೆ ಆಡಿಸಿದ್ದು ಇದೇ ಮೊದಲು. ಸಂಜೆಗೆ ಬರುತ್ತಾನೆ, ಯಾವುದೋ ಗಾಡಿ ಹಿಡಿದು, ಬೈಯುತ್ತ, ಹಸಿದು, ಆಗ ಇನ್ನೊಮ್ಮೆ ಹೇಳಬೇಕು, ಇದೇ ಮಾತನ್ನು, ಇದೇ ದನಿಯಲ್ಲಿ, ಒಂದು ಸಲ ಬಾಯಿಗೆ ಬಂದ ಮಾತು ಬಂದೇ ಬರುತ್ತದೆ, ಮೊದಲು ಊಟ ಮಾಡಿಸಬೇಕೋ, ಇಲ್ಲ, ಊಟಕ್ಕೆ ಮೊದಲೇ — ಒಂದು ಜಗ್ಗು, ಅವನ ಲೋಟದಿಂದ ಚಹಾ ತುಳುಕಿತು, ನಗು ಮುಖದಲ್ಲೇ ಉಳಿದು ಕಣ್ಣು ಮಾತ್ರ ಕೆಳಗೆ ನೋಡಿತು, ಅವಳೂ ನೋಡಿದಳು, ತಗಡಿನಿಂದ ತಗಡು ಜಾರಿ ಒಂದು ಗೇಣು ಬೆಳಕು, ಜಲ್ಲಿಕಲ್ಲು, ಒಂದೊಂದೂ ಬಿಡಿ ಬಿಡಿಯಾಗಿ ಎಣಿಸುವಷ್ಟು ಸ್ಪಷ್ಟ, ಎರಡು ಗೇಣು, ಕಲ್ಲು, ಬೆಳಕು, ಕಲ್ಲು