ಮಧ್ಯಾಹ್ನದ ವಿದ್ಯಾರ್ಥಿ

"ಈ ಹಸಿರು ಗೆರಿ ನೋಡ್ರಿ ಸರ್," ಎಂದು ಮೋಹನ ಕಂಪ್ಯೂಟರಿನ ಪರದೆಯನ್ನು ಗಂಡ ಹೆಂಡತಿಯ ಕಡೆಗೆ ತಿರುಗಿಸಿದ. "ಜುಲೈದಾಗ ಇಲ್ಲಿ ತಳದಾಗ ಬಿದ್ದಿತ್ತು. ಈಗ ಎಲ್ಲಿಗೆ ಹೋಗೇತಿ ನೋಡ್ರಿ!"

ವೈಜನಾಥ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದ. ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಲೇಥಿನ ಮುಂದೆ ನಿಂತೇ ತಲೆ ನರೆಸಿಕೊಂಡವನಿಗೆ ಗೋಡೆಯ ಉತ್ಪಾದನಾ ನಕ್ಷೆಯಲ್ಲಿ ಗೆರೆ ಏರುವುದು, ಇಳಿಯುವುದು ಹೊಸದಲ್ಲ. ಮಗ ವೈಭವನ ಹೆಸರಿನ ಪಕ್ಕದಲ್ಲಿ ಏರಿದ್ದು ಮಾತ್ರ ಹೊಸದು. ಪಕ್ಕದ ಕುರ್ಚಿಯಲ್ಲಿ ಸುವರ್ಣಾ ಕೈಚೀಲವನ್ನು ತೊಡೆಯ ಮೇಲೆ ಒತ್ತಿಕೊಂಡು ಕೂತಿದ್ದಳು. ಆ ಗೆರೆ ಮಗನದಲ್ಲ, ತನ್ನದು ಎಂದು ಅವಳಿಗೆ ಗೊತ್ತಿತ್ತು.

ದಿಲ್‌ಸುಖ್‌ನಗರದ ಆ ಕೋಚಿಂಗ್ ಸೆಂಟರಿನಲ್ಲಿ ಮೋಹನ ಕೌನ್ಸೆಲರ್. ರಾಯಚೂರಿನವನು. ದಿನವೆಲ್ಲ ತೆಲುಗು, ಹಿಂದಿ ಆಡಿ ಬೇಸತ್ತ ಅವನ ಬಾಯಿಗೆ ಕನ್ನಡದವರು ಸಿಕ್ಕರೆ ಹಬ್ಬ. ಬಿಟ್ಟರೆ ಸಂಜೆಯವರೆಗೂ ಮಾತಾಡುವ ಆಸಾಮಿ.

"ಇದಕ್ಕ ಡೇಟಾ ಮೈನಿಂಗ್ ಅಂತಾರ್ರೀ. ಹಿಂದ ಇಲ್ಲಿ ಓದಿದ ಹುಡುಗರದ್ದೆಲ್ಲ ಇದರೊಳಗ ಐತಿ. ಟ್ಯಾಬಿನ್ಯಾಗ ಯಾವಾಗ ಪಾಠ ತೆಗದ್ರು, ಎಲ್ಲಿ ನಿಲ್ಲಿಸಿದ್ರು, ತಪ್ಪಾದ್ರ ತಿರುಗಿ ನೋಡಿದ್ರೋ ಹಂಗಽ ಬಿಟ್ರೋ, ಎಲ್ಲಾ. ಅದನ್ನ ಅಗದು ತೆಗದು, ಈಗಿನ ಹುಡುಗರೊಳಗ ಯಾರು ಮ್ಯಾಲೆ ಬರ್ತಾರ ಅಂತ ಮೊದಲಽ ಹೇಳಿಬಿಡ್ತೈತಿ."

"ಆದ್ರ ಪರೀಕ್ಷಾದಾಗ ಇವನ ಮಾರ್ಕ್ಸ್ ಕಡಿಮಿನಽ ಬರಾಕತ್ತಾವಲ್ರೀ?" ವೈಜನಾಥ ಅಂಜುತ್ತಲೇ ಕೇಳಿದ.

"ಅದಽ ಮಜಾ ನೋಡ್ರಿ. ಮಧ್ಯಾಹ್ನ ಎರಡಕ್ಕ ಕುಂತ್ರ ಐದರ ತನಕ ಹುಡುಗ ಏಳಂಗಿಲ್ಲ. ಒಂದು ದಿನಾನೂ ತಪ್ಪಿಸಿಲ್ಲ. ತಪ್ಪಾದ ಪಾಠಾನ ಮತ್ತ ಮತ್ತ ನೋಡ್ಯಾನ. ಇಂಥಾ ರೂಢಿ ಇದ್ದವ್ರು ಕಡೀಕ ರ್‍ಯಾಂಕ್ ತಗದಽ ತಗೀತಾರಂತ ಸಾಫ್ಟ್‌ವೇರ್ ಹೇಳಾಕತ್ತೈತಿ. ಸೋಮವಾರದಿಂದ ಇವನು ಮಣಿಕೊಂಡದ ಕ್ಯಾಂಪಸ್ಸಿಗೆ. ಆರಿಸಿದ ಹುಡುಗರಷ್ಟಽ ಅಲ್ಲಿ. ಹಾಸ್ಟೆಲ್ಲು, ಊಟ ಎಲ್ಲಾ ಅಲ್ಲೇ. ತಿಂಗಳಿಗೊಮ್ಮೆ ಮನಿಗೆ ಬಿಡ್ತಾರ."

ವೈಜನಾಥನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊರಗೆ ಬಂದವನೇ ಹುಮನಾಬಾದಿನ ಅಣ್ಣನಿಗೆ ಫೋನು ಹಚ್ಚಿ, ಮೆಟ್ರೊ ಕಂಬದ ಕೆಳಗೆ ಬಸ್ಸುಗಳ ಸದ್ದಿಗಿಂತ ಜೋರಾಗಿ ಸುದ್ದಿ ಹೇಳಿದ. ಸುವರ್ಣಾಳಿಗೆ ಏನೂ ಅನ್ನಿಸಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿದು, ಚಿವುಟಿದರೂ ತನ್ನದಲ್ಲ ಎನ್ನಿಸುತ್ತದಲ್ಲ, ಹಾಗಿತ್ತು ಅವಳಿಗೆ.

ಇದೆಲ್ಲ ಶುರುವಾದದ್ದು ಒಂದು ಫೋನಿನಿಂದ. ಪ್ರವೇಶ ಪರೀಕ್ಷೆಯನ್ನು ಮೊದಲ ಸಲ ಬರೆದಾಗ ರ್‍ಯಾಂಕು ಬಾರದೆ ವೈಭವ ಇನ್ನೊಂದು ವರ್ಷ ಕೋಚಿಂಗಿಗೆ ಸೇರಿದ್ದ. ಒಂದು ಗಂಟೆಗೆ ಕ್ಲಾಸು ಮುಗಿಸಿ ಬಂದು, ತಟ್ಟೆಯಲ್ಲಿದ್ದದ್ದನ್ನು ಉಂಡು, ಗೋಡೆಗೆ ಮುಖ ಮಾಡಿ ಮಲಗಿದರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. ಎಬ್ಬಿಸಿ ಕೂರಿಸಿದರೆ ಕಣ್ಣು ತೆರೆದುಕೊಂಡೇ ಮಲಗಿದವನ ಹಾಗೆ ಕೂರುತ್ತಿದ್ದ. ಟ್ಯಾಬಿನ ಪಾಠ ನೋಡದ ಹುಡುಗರ ಮನೆಗೆ ಸೆಂಟರಿನಿಂದ ಫೋನು ಬರುತ್ತಿತ್ತು. "ಮೇಡಂ, ನಿಮ್ಮ ಹುಡುಗ ಕೆಂಪಿನಲ್ಲಿದ್ದಾನೆ." ಈ ಮಾತು ಗಂಡನ ಕಿವಿಗೆ ಬಿದ್ದರೆ ಮನೆಯಲ್ಲಿ ರಂಪ. ಮಗನನ್ನು ಎಬ್ಬಿಸಲು ಮನಸ್ಸು ಬಾರದೆ ಒಂದು ಮಧ್ಯಾಹ್ನ ಸುವರ್ಣಾ ತಾನೇ ಪಾಠ ಹಚ್ಚಿ, ಟ್ಯಾಬನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ರೊಟ್ಟಿ ಬಡಿಯಲು ಕೂತಳು.

ಆದರೆ ಪಾಠ ಸುಮ್ಮನೆ ಓಡುತ್ತಿರಲಿಲ್ಲ. ನಡುನಡುವೆ ನಿಂತು, ಇದ್ದೀರಾ ಎಂದು ಕೇಳುತ್ತಿತ್ತು. ಒತ್ತಬೇಕು. ಕೊನೆಗೆ ಪ್ರಶ್ನೆಗಳು, ಅದೂ ಇಂಗ್ಲಿಷಿನಲ್ಲಿ. ಅವಳು ಭಾಲ್ಕಿಯಲ್ಲಿ ಕನ್ನಡದಲ್ಲಿ ಹತ್ತನೆಯದು ಮುಗಿಸಿದವಳು. ಫೋನಿನಲ್ಲಿ ತವರಿನವರ ಫೋಟೊ ನೋಡುವುದರಾಚೆ ಇಂಥದ್ದನ್ನು ಮುಟ್ಟಿದವಳಲ್ಲ. ಕಂಡದ್ದನ್ನು ಒತ್ತಿದಳು, ತಪ್ಪಾಯಿತು. ಮತ್ತೆ ನೋಡಿ ಎಂದಿತು, ಮತ್ತೆ ನೋಡಿದಳು. ಮಳೆಗಾಲ ಕಳೆದು ದಸರೆ ಬರುವಷ್ಟರಲ್ಲಿ ಯಾವ ಚಿತ್ರ ಬಂದರೆ ಯಾವ ಉತ್ತರ ಎಂದು ಗುರುತು ಹತ್ತತೊಡಗಿತು. ವಿದ್ಯೆ ತಲೆಗೇನೂ ಹೋಗಲಿಲ್ಲ, ಬೆರಳಿಗೆ ಹೋಯಿತು. ನಿಜ ಹೇಳಬೇಕೆಂದರೆ ಅವಳಿಗೆ ಅದು ಸೇರುತ್ತಲೂ ಇತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಮಾಡಿದ್ದನ್ನು ಸರಿ ಎಂದವರು ಕಡಿಮೆ. ಇದು ದಿನಾ ಹಸಿರು ಗುರುತು ಹಾಕಿ ಸರಿ ಎನ್ನುತ್ತಿತ್ತು.

ಯಾರಿಗೋ ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಹೊಳೆದಿರಲಿಲ್ಲ. ಫೋನು ಬರುವುದು ನಿಂತಿತ್ತು, ಅಷ್ಟು ಸಾಕಾಗಿತ್ತು. ವೈಭವನಿಗೆ ಗೊತ್ತಿರಲಿಲ್ಲವೇ? ಎದ್ದ ಮೇಲೆ ಟ್ಯಾಬಿನ ಮೇಲಿನ ಹಿಟ್ಟಿನ ಬೆರಳಚ್ಚುಗಳನ್ನು ಅಂಗಿಯ ತುದಿಯಿಂದ ಒರೆಸಿಡುತ್ತಿದ್ದವನು ಅವನೇ. ಬಾಯಿ ಮಾತ್ರ ಬಿಡಲಿಲ್ಲ.

ಅಂದು ಸಂಜೆ ಪೇಢೆಯ ಡಬ್ಬಿಯ ಮುಂದೆ ಕೂತಿದ್ದ ಮಗನನ್ನು ಅವಳು ಮೆಲ್ಲಗೆ ಕೇಳಿದಳು. "ಹೋಗ್ತೀಯೇನೋ?"

"ಹೋಗಂದ್ರ ಹೋಗ್ತೀನಿ."

ಬೇಸಿಗೆಯಲ್ಲಿ ಫಲಿತಾಂಶ ಬಂದ ದಿನವೂ ಅವನ ದನಿ ಹೀಗೇ ಇತ್ತು. ಅಂದು ಅವನು ಟೆರೇಸಿನ ನೀರಿನ ಟ್ಯಾಂಕಿನ ಆಚೆ, ಗೋಡೆಯಿಲ್ಲದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅವಳೇ ಹೋಗಿ, ಮಾತಾಡದೆ, ಕೈ ಹಿಡಿದು ಕೆಳಗೆ ಕರೆತಂದಿದ್ದಳು. ಆ ಸಂಗತಿ ಗಂಡನಿಗೆ ಇಂದಿಗೂ ಗೊತ್ತಿಲ್ಲ. ಮಣಿಕೊಂಡದಲ್ಲಿ ಜಾಣ ಹುಡುಗರ ನಡುವೆ, ಅವಳು ಒತ್ತಿದ ಉತ್ತರಗಳನ್ನು ತಲೆಯ ಮೇಲೆ ಹೊತ್ತುಕೊಂಡು ಕೂತವನ ಕೈಯನ್ನು ಹಿಡಿಯುವವರು ಯಾರು?

ಮರುದಿನ ಗಂಡ ಡ್ಯೂಟಿಗೆ ಹೋದ ಮೇಲೆ ಅವಳೊಬ್ಬಳೇ ಸೆಂಟರಿಗೆ ಹೋಗಿ ಎಲ್ಲವನ್ನೂ ಮೋಹನನ ಮುಂದೆ ಹೇಳಿಬಿಟ್ಟಳು. ಅವನು ನಕ್ಕ. ಕೆಟ್ಟ ನಗುವಲ್ಲ, ಮರುಕದ ನಗು.

"ಅಕ್ಕಾರ, ಮಗನ್ನ ಬಿಟ್ಟಿರೋದು ಕಷ್ಟ ಅಂತ ನನಗೂ ತಿಳೀತೈತಿ. ಹಿಂದಕ ಒಬ್ಬ ತಾಯಿ ಹುಡುಗನಿಗೆ ಟೈಫಾಯ್ಡ್ ಅಂತ ಸುಳ್ಳು ಹೇಳಿದ್ರು. ಆದ್ರ ನೀವು ಫಿಸಿಕ್ಸ್ ಮಾಡಿದ್ದು ಅಂದ್ರ..."

"ಖರೇನಽ ಹೇಳಾಕತ್ತೀನ್ರಿ. ಅವನು ಮಲಗಿರ್ತಾನ. ನಾ ಒತ್ತಿದ್ದು."

"ತಡೀರಿ, ಅವನ್ನಽ ಕೇಳೋಣು."

ಕ್ಲಾಸಿನಿಂದ ವೈಭವನನ್ನು ಕರೆಸಿದರು. ಬಾಗಿಲಲ್ಲಿ ಅವ್ವನನ್ನು ಕಂಡು ಅವನು ಒಂದು ಗಳಿಗೆ ನಿಂತ. ಮೋಹನ ನಗುನಗುತ್ತಲೇ ಕೇಳಿದ. "ನಿನ್ನ ಪಾಠ ಎಲ್ಲಾ ಅವ್ವಾರು ಮಾಡ್ಯಾರಂತಲ್ಲೋ. ಹೌದೇನು?"

ವೈಭವ ನೆಲ ನೋಡಿದ. "ಇಲ್ಲ ಸರ್. ನಾನಽ ಮಾಡೀನಿ."

ಮಗ ಸುಳ್ಳು ಹೇಳುತ್ತಾನೆ ಎಂದರೆ ಮಗನ ಮಾನ ಹೋಗುತ್ತದೆ. ಹೇಳದಿದ್ದರೆ ಮಗನೇ ಹೋಗುತ್ತಾನೆ. ಸುವರ್ಣಾ ಎದ್ದು ಸೆರಗು ಸರಿಮಾಡಿಕೊಂಡಳು. ಮೋಹನ ಬಾಗಿಲವರೆಗೆ ಬಂದು, ಚಿಂತೆ ಮಾಡಬೇಡಿ ಎಂದು ಕೈಮುಗಿದ.

ಮೆಟ್ಟಿಲ ಬಳಿ ಅವಳು ಕೇಳಿದಳು. "ಯಾಕೋ ಹಂಗಂದಿ?"

"ಅಪ್ಪ ಎಲ್ಲಾರಿಗೂ ಹೇಳ್ಯಾನಲ್ಲ."

"ಅಷ್ಟಕ್ಕಽ?"

ಅವನು ಕಂಬಿಯ ಮೇಲಿನ ಧೂಳಿನಲ್ಲಿ ಬೆರಳಾಡಿಸಿದ. "ಅಲ್ಲಿ ನನ್ನ ಬದಲಿ ಯಾರೂ ಓದಂಗಿಲ್ಲವ್ವಾ," ಎಂದ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಬಸ್ಸಿನ ನಂಬರು ಹೇಳಿದ ಹಾಗೆ ಹೇಳಿ ಕ್ಲಾಸಿಗೆ ಹೊರಟುಹೋದ. ಅವಳಿಗೆ ಅದು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಆಮೇಲಿನ ಮಧ್ಯಾಹ್ನಗಳಲ್ಲಿ ಅವಳು ಟ್ಯಾಬನ್ನು ಮುಟ್ಟಲಿಲ್ಲ, ರೊಟ್ಟಿಯನ್ನೂ ಬಡಿಯಲಿಲ್ಲ. ಅನ್ನ ಇಟ್ಟಳು.

ಸೋಮವಾರ ಬೆಳಿಗ್ಗೆ ವೈಜನಾಥ ರಜೆ ಹಾಕಿ, ಇಸ್ತ್ರಿಯ ಅಂಗಿ ತೊಟ್ಟು, ಹಾಸಿಗೆಯ ಸುರುಳಿಯನ್ನು ತಾನೇ ಹೊತ್ತು ಆಟೊದೊಳಗಿಟ್ಟ. "ಜಲ್ದಿ ಬರ್ರಿ, ಟ್ರಾಫಿಕ್ ಆಗ್ತೈತಿ!" ಎಂದು ಕೆಳಗಿನಿಂದ ಕೂಗಿದ. ಸುವರ್ಣಾ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟುತ್ತಿದ್ದಳು. ಎಣ್ಣೆ ಸೋರಿ, ಒರೆಸಿ, ಮತ್ತೆ ಕಟ್ಟುತ್ತಿದ್ದಳು.

"ಅವ್ವಾ."

ಅವನು ತಾನಾಗಿ ಕರೆದು ಎಷ್ಟು ಕಾಲವಾಗಿತ್ತೋ. ಕೈ ಒರೆಸಿಕೊಳ್ಳುತ್ತ ಬಂದಳು. ವೈಭವ ಮಂಚದ ಮೇಲೆ, ಬೂಟು ಹಾಕಿಕೊಂಡು, ಟ್ಯಾಬು ತೆರೆದು ಕೂತಿದ್ದ. ಇಳಿಜಾರಿನ ಮೇಲೊಂದು ಪೆಟ್ಟಿಗೆ, ಅದಕ್ಕೊಂದು ಹಗ್ಗ, ಹಗ್ಗದ ತುದಿಗೆ ತೂಗುಬಿದ್ದ ಕಲ್ಲು. ಅವಳಿಗೆ ನೋಡಿದ ಕೂಡಲೇ ಗುರುತು ಹತ್ತಿತು.

"ಇದಕ್ಕ ಮೂರನೇದು ಒತ್ತೀದಿ. ಬರೋಬ್ಬರಿ ಐತಿ. ಹೆಂಗ ಬಂತು?"

ಸುವರ್ಣಾ ಚಿತ್ರವನ್ನು ನೋಡಿದಳು. ಪೆಟ್ಟಿಗೆ, ಹಗ್ಗ, ಕಲ್ಲು.

"ಮೂರನೇದಂತ ಗೊತ್ತೈತಪ್ಪಾ. ಹೆಂಗಂತ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಎಂದ ವೈಭವ.

ಅವನು ಮಂಚದ ಮೇಲೆ ಸರಿದು ಜಾಗ ಮಾಡಿದ. ಅವಳು ಕೂತು ಅವನ ಕೈಯನ್ನು ತನ್ನ ಎಣ್ಣೆಗೈಯೊಳಗೆ ತೆಗೆದುಕೊಂಡಳು. ಕೆಳಗೆ ಆಟೊದವನು ಹಾರ್ನ್ ಹೊಡೆದ, ಇನ್ನೊಮ್ಮೆ ಹೊಡೆದ. ಆಮೇಲೆ ವೈಜನಾಥ ಮೆಟ್ಟಿಲು ಹತ್ತಿ ಬರುವ ಸಪ್ಪಳ ಕೇಳಿಸಿತು.

ಇಬ್ಬರೂ ಏಳಲಿಲ್ಲ.