ಮೂರು ಬೀಕರಿಗೂ ಭಂಡಾರ

ನಮ್ಮ ಪ್ರಯೋಗಾಲಯದ ಬಾಗಿಲಿಗೆ ಒಂದು ನೋಟಿಸು ಅಂಟಿಸಿದೆ. ಬರೆದವನು ನಾನೇ. ‘ಒಳಗೆ ಊದಿನಕಡ್ಡಿ, ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ ತರಬಾರದು. ಇದು ರಸಾಯನಶಾಸ್ತ್ರ ವಿಭಾಗ, ಗುಡಿಯಲ್ಲ. – ಡಾ. ಗೌತಮ.’ ಕೊನೆಯ ವಾಕ್ಯ ಬೇಡವಾಗಿತ್ತು ಎಂದು ಪ್ರಿನ್ಸಿಪಾಲರು ಹೇಳಿದರು. ಆದರೆ ಆಯುಧಪೂಜೆಯ ದಿನ ಯಾರೋ ಪುಣ್ಯಾತ್ಮರು ಹೊಸ ಯಂತ್ರದ ಮುಚ್ಚಳದ ಮೇಲೆಯೇ ಕಾಯಿ ಒಡೆದಿದ್ದರು. ನೀರು ಒಳಗಿಳಿದು ಅದು ಮೂರು ತಿಂಗಳು ಕೆಮ್ಮಿತು. ಸಿಟ್ಟು ಬರದೇ ಇರಲು ನಾನೇನು ಕಲ್ಲೇ? ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನ ಸಿಟ್ಟಿನ ಬಗ್ಗೆ ಬೇಕಾದಷ್ಟು ಕಥೆಗಳಿವೆ. ಅರ್ಧ ಸುಳ್ಳು. ಇದು ಉಳಿದರ್ಧಕ್ಕೆ ಸೇರಿದ್ದು.

ಸವಿತಾ ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ, ಕಮತಗಿಯವಳು. ಮನೆಯಲ್ಲಿ ಕುರಿ, ಹೊಲ, ಬೀರಪ್ಪನ ಭಕ್ತಿ ಮೂರೂ ಧಾರಾಳ. ಹಳೆಯ ಅಯಸ್ಕಾಂತಗಳಿಂದ ನಿಯೋಡಿಮಿಯಂ ಎಂಬ ವಿರಳ ಲೋಹವನ್ನು ತೆಗೆಯುವುದು ಅವಳ ವಿಷಯ. ಬ್ಯಾಟರಿ ಸ್ಕೂಟರಿನ ಮೋಟಾರಿಗೂ ಅದು ಬೇಕು, ಕಿವಿಯಲ್ಲಿ ಸಿಕ್ಕಿಸಿಕೊಳ್ಳುವ ಇಯರ್‌ಫೋನಿಗೂ ಬೇಕು. ದೇಶಕ್ಕೆ ಅದು ಬಹುಪಾಲು ಹೊರಗಿನಿಂದ ಬರುತ್ತದೆ. ನಮಗೆ ಇಳಕಲ್ಲಿನ ಖಾಸಿಂಸಾಬರ ಗುಜರಿ ಅಂಗಡಿಯಿಂದ ಬರುತ್ತಿತ್ತು. ಮದುವೆ ಮೆರವಣಿಗೆಗಳಲ್ಲಿ ಕೂಗಿ ಕೂಗಿ ಎದೆಯೊಡೆದುಕೊಂಡ ಡಿಜೆ ಸ್ಪೀಕರುಗಳನ್ನು ಬಿಚ್ಚಿ, ಒಳ್ಳೆಯ ಅಯಸ್ಕಾಂತಗಳನ್ನು ಅವರು ನಮಗೆಂದೇ ಎತ್ತಿಡುತ್ತಿದ್ದರು.

ಒಮ್ಮೆ ಸವಿತಾ ಅಂಥವು ಇಪ್ಪತ್ತನ್ನು ಚೀಲದಲ್ಲಿ ತುಂಬಿಕೊಂಡು ಇಳಕಲ್ಲಿನಲ್ಲಿ ಬಸ್ಸು ಹತ್ತಿದಳು. ಚೀಲ ಸೀಟಿನ ಕಬ್ಬಿಣಕ್ಕೆ ಕಚ್ಚಿಕೊಂಡಿತು. ಬಾಗಲಕೋಟೆ ಬಂದರೂ ಬಿಡಲಿಲ್ಲ. ಕಂಡಕ್ಟರ್ ಎಳೆದ, ಡ್ರೈವರ್ ಎಳೆದ, ಹುನಗುಂದದಲ್ಲಿ ಹತ್ತಿದ್ದ ಪೈಲ್ವಾನನೊಬ್ಬ ತೋಳೇರಿಸಿ ಎಳೆದ.

“ಏನ ತುಂಬೀಯವ್ವಾ ಇದರಾಗ?” ಎಂದು ಕಂಡಕ್ಟರ್ ಬೆವರೊರೆಸಿಕೊಂಡ.

“ನನ್ನ ಪಿಎಚ್‌ಡಿ ಐತ್ರಿ.”

“ಹಂಗಾರ ಲಗೂನ ಬಿಡೂದಿಲ್ಲ ತಗೊ. ನಮ್ಮ ಅಳಿಯಗ ಒಂಬತ್ತ ವರ್ಷಾತು, ಇನ್ನೂ ಬಿಟ್ಟಿಲ್ಲ.”

ಈ ಅಯಸ್ಕಾಂತಗಳನ್ನು ಪುಡಿ ಮಾಡಿ ಆಮ್ಲದಲ್ಲಿ ಕರಗಿಸಿದರೆ ಕಬ್ಬಿಣ, ನಿಯೋಡಿಮಿಯಂ, ಚೂರು ಬೋರಾನ್ ಎಲ್ಲವೂ ಒಂದರಲ್ಲೊಂದು ಕಲಸಿಹೋಗುತ್ತವೆ. ಬೇರ್ಪಡಿಸಲು ನಾವು ಅಯಾನಿಕ ದ್ರವ ಬಳಸುತ್ತೇವೆ. ಅದೂ ಒಂದು ಉಪ್ಪೇ. ಅಡುಗೆಮನೆಯ ಉಪ್ಪು ಕರಗಿ ಹರಿಯಬೇಕಾದರೆ ಎಂಟುನೂರು ಡಿಗ್ರಿ ಕಾವು ಬೇಕು. ಇದಕ್ಕೆ ನೀರೂ ಬೇಡ, ಬೆಂಕಿಯೂ ಬೇಡ. ಬಾಟಲಿಯಲ್ಲಿ ಎಣ್ಣೆಯ ಹಾಗೆ ತಾನೇ ಹರಿದಾಡುತ್ತದೆ. ಆಮ್ಲದ ಜೊತೆ ಹಾಕಿ ಅಲುಗಾಡಿಸಿದರೆ ತನಗೆ ಬೇಕಾದ ಲೋಹವನ್ನು ಹೀರಿಕೊಂಡು ಬೇರೆ ಪದರವಾಗಿ ನಿಲ್ಲುತ್ತದೆ. ಸವಿತಾ ಇದನ್ನು ತನ್ನ ಅವ್ವನಿಗೆ ವಿವರಿಸಿದ್ದು ಹೀಗೆ: “ಮದುವಿ ಮನ್ಯಾಗ ಸಾವಿರ ಮಂದಿ ಇರ್ತಾರಬೇ. ನಮ್ಮ ಮಾಂವ ಬಂದು ಹೆಣ್ಣಿನ ಕಡಿಯವ್ರನ್ನಷ್ಟ ಕೈ ಹಿಡದು ಊಟಕ್ಕ ಕರ್ಕೊಂಡ ಹೋಗ್ತಾನಲ್ಲ, ಹಂಗ.” ನಾನು ಆರು ಪುಟಗಳಲ್ಲಿ ಬರೆದದ್ದಕ್ಕಿಂತ ಇದು ಚೆನ್ನಾಗಿತ್ತು. ಅವಳೆದುರು ಹಾಗೆಂದು ಹೇಳಲಿಲ್ಲ.

ತೊಂದರೆ ಇದ್ದದ್ದು ಆ ಊಟದ ಪಂಕ್ತಿಯಲ್ಲಿ. ನಮ್ಮ ನಿಯೋಡಿಮಿಯಂ ಶೇಕಡಾ ತೊಂಬತ್ತಾರು ಶುದ್ಧವಾಗುತ್ತಿತ್ತು, ಅದರ ಮೇಲೆ ಏರುತ್ತಿರಲಿಲ್ಲ. ಉಳಿದ ನಾಲ್ಕು ಪಾಲು ಕರೆಯದೆ ಬಂದು ಕೂತವರದು. ಅವರು ಯಾರೆಂದು ತಿಳಿಯುತ್ತಿರಲಿಲ್ಲ. ನಮ್ಮ ಪರೀಕ್ಷಾ ಯಂತ್ರ ಭಾರದ ಧಾತುಗಳನ್ನು ಮಾತ್ರ ಗುರುತಿಸುತ್ತದೆ. ಬೋರಾನಿನಂಥ ಹಗುರದವರು ಎದುರಿಗೆ ಕೂತು ತೇಗಿದರೂ ಅದಕ್ಕೆ ಕಾಣುವುದಿಲ್ಲ.

“ಸರ, ಬೋರಾನ್ ಇರಬಹುದೇನ್ರಿ?” ಎಂದು ಸವಿತಾ ಮೊದಲ ವರ್ಷವೇ ಕೇಳಿದ್ದಳು. ಬೋರಾನ್ ಆಮ್ಲದಲ್ಲೇ ಉಳಿಯುತ್ತದೆ ಎಂದು ಹನ್ನೊಂದು ವರ್ಷಗಳ ಹಿಂದೆ ಪ್ರಬಂಧ ಬರೆದು ಶಾಲು ಹೊದೆಸಿಕೊಂಡವನು ನಾನು. “ನನ್ನ ಪೇಪರ್ ಓದಿಲ್ಲೇನ?” ಎಂದೆ. ಎರಡನೆಯ ವರ್ಷ ಮತ್ತೆ ಕೇಳಿದಳು. ಹೊರಗೆ ಕಳಿಸಿ ಪರೀಕ್ಷೆ ಮಾಡಿಸೋಣವೇ ಎಂದೂ ಅಂದಳು. “ಮೊದಲ ಬೀಕರ್ ಸರಿಯಾಗಿ ತೊಳಿ” ಎಂದೆ. ಮೂರನೆಯ ವರ್ಷ ಅವಳು ಕೇಳಲಿಲ್ಲ. ಬೀಕರುಗಳನ್ನು ಮಾತ್ರ ತೊಳೆಯುತ್ತಲೇ ಇದ್ದಳು.

ಅಷ್ಟರಲ್ಲಿ ಯೋಜನೆಗೆ ನೆರವು ಕೊಟ್ಟವರು ಪರಿಶೀಲನೆಗೆ ಬರುವುದಾಗಿ ಪತ್ರ ಬರೆದರು. ತೊಂಬತ್ತಾರರಲ್ಲಿ ಯಾಕೆ ನಿಂತಿದೆ ಎಂದು ಹೇಳಲಾಗದಿದ್ದರೆ ಯೋಜನೆ ಅಲ್ಲಿಗೆ ಮುಗಿಯಿತು. ಲ್ಯಾಬಿಗೆ ಬೀಗ, ಸವಿತಾಳ ಪಿಎಚ್‌ಡಿಗೂ ಬೀಗ. ನನಗೆ ಇನ್ನೊಂದು ಯೋಜನೆ ಸಿಕ್ಕೀತು. ಅವಳಿಗೆ ಆ ಮೂರು ವರ್ಷ ಯಾರು ತಂದು ಕೊಡುತ್ತಾರೆ? ಹಾಗೆ ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು, ಸಂಕಟವಾದಾಗಲೆಲ್ಲ ಅವಳನ್ನೇ ಬೈಯುತ್ತಿದ್ದೆ.

ಪರಿಶೀಲನೆಗೆ ಬಂದವರು ಮೈಸೂರು ಕಡೆಯ ಬಸವೇಶ್ವರಿ ಮೇಡಂ. ಹನ್ನೊಂದಕ್ಕೆ ಬರುತ್ತೇನೆಂದವರು ಬಾದಾಮಿಯ ಗುಹೆಗಳನ್ನು ನೋಡಿಕೊಂಡು ಹನ್ನೆರಡೂವರೆಗೆ ಬಂದರು. ಅಷ್ಟು ಹೊತ್ತೂ ನಾನು ಗೇಟಿನಲ್ಲಿ ಹೂಗುಚ್ಛ ಹಿಡಿದು, ಹೂವಿನ ಜೊತೆಗೇ ಬಾಡುತ್ತ ನಿಂತಿದ್ದೆ. ಆದದ್ದೆಲ್ಲ ಆ ಒಂದೂವರೆ ತಾಸಿನಲ್ಲಿ ಆಯಿತು.

ಸವಿತಾ ಮೂರು ಬೀಕರುಗಳನ್ನು ಬಿಸಿ ತಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಮೊದಲನೆಯದರಲ್ಲಿ ಕಬ್ಬಿಣ ಉಳಿದ ಆಮ್ಲ. ನಡುವಿನದರಲ್ಲಿ ನಿಯೋಡಿಮಿಯಂ ಹೀರಿದ, ಆಮ್ಲದ ಪಸೆ ಇನ್ನೂ ಇದ್ದ ಅಯಾನಿಕ ದ್ರವ. ಕೊನೆಯದರಲ್ಲಿ ಹೋಲಿಕೆಗೆಂದು ಏನೂ ಬೆರೆಸದ ಬರೀ ಆಮ್ಲ. ಮೂರರಲ್ಲೂ ಕಲಕುವ ಕಡ್ಡಿ ಗಿರಗಿರ ತಿರುಗುತ್ತಿತ್ತು, ಹನಿಗಳು ಕಂಠಕ್ಕೆ ಸಿಡಿಯುತ್ತಿದ್ದವು. “ಯವ್ವಾ, ಏನೂ ಮುಟ್ಟಬ್ಯಾಡ” ಎಂದು ಹೇಳಿ ಸವಿತಾ ವರದಿಯ ಝೆರಾಕ್ಸ್ ತರಲು ಹೋದಳು.

ಯವ್ವ ಎಂದರೆ ಸಾವಂತ್ರವ್ವ. ಮಗಳ ದೊಡ್ಡ ದಿನವೆಂದು ಮೊದಲ ಬಸ್ಸಿಗೇ ಕಮತಗಿಯಿಂದ ರೊಟ್ಟಿಗಂಟಿನೊಂದಿಗೆ ಬಂದಿದ್ದರು. ಅವರ ಮನೆಯಲ್ಲಿ ಉಣ್ಣೆ ಕತ್ತರಿಸುವ ಮುನ್ನ ಕತ್ತರಿಗೆ, ಈದ ಕುರಿಯ ಹಣೆಗೆ, ಹೊಲಕ್ಕಿಳಿಯುವ ಟ್ರ್ಯಾಕ್ಟರಿನ ಮೂತಿಗೆ ಬೀರಪ್ಪನ ಭಂಡಾರ ಬೀಳಲೇಬೇಕು. ಭಂಡಾರವೆಂದರೆ ದೇವರ ಅರಿಶಿನಪುಡಿ. ಅದಿಲ್ಲದೆ ಯಾವ ಕೆಲಸವೂ ಶುರುವಾಗುವುದಿಲ್ಲ.

ನಾನು ಮೇಡಮ್ಮನವರನ್ನು ಕರೆದುಕೊಂಡು ಒಳಗೆ ಬಂದೆ. ಮೂರು ಬೀಕರುಗಳ ಕಂಠಕ್ಕೂ ಒಳಗೆ ಹೊರಗೆ ದಪ್ಪಗೆ ಅರಿಶಿನ ಮೆತ್ತಿತ್ತು. ಮದುಮಕ್ಕಳ ಹಾಗೆ ಮೂರೂ ಹಸೆಯ ಮೇಲೆ ಕೂತಿದ್ದವು.

“ಯಾರ ಮಾಡಿದ್ದು ಇದು?” ಎಂದು ಕೂಗಿದೆ. ಹೂಗುಚ್ಛ ಇನ್ನೂ ನನ್ನ ಕೈಯಲ್ಲೇ ಇತ್ತು.

“ನಾನ ರಿ” ಎಂದರು ಸಾವಂತ್ರವ್ವ, ಸ್ಟೂಲಿನಿಂದ ಎದ್ದು.

“ಬಾಗಲಾಗಿನ ನೋಟಿಸ್ ಓದಿಲ್ಲೇನ್ರಿ?”

“ಓದೇನ್ರಿ ಸರ. ಊದಿನಕಡ್ಡಿ ಐತಿ, ಕಾಯಿ ಐತಿ, ನಿಂಬಿಹಣ್ಣ ಐತಿ, ಕುಂಕುಮ ಐತಿ. ಭಂಡಾರ ಎಲ್ಲಿ ಬರದೀರಿ?”

“ಹಚ್ಚಿದ್ದು ಹಚ್ಚಿದ್ರಿ, ಮೂರಕ್ಕೂ ಯಾಕ್ರಿ?” ಎಂದೆ.

“ಸಾಲಾಗಿ ಕೂತಾರ. ಪಂಕ್ತಿಯೊಳಗ ಭೇದ ಮಾಡಬಾರದ್ರಿ.”

ಅಷ್ಟರಲ್ಲಿ ಸವಿತಾ ಬಂದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತು ಅವಳ ಮುಖದ ಮೇಲೇ ಬರೆದಂತಿತ್ತು. ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಬೀಕರುಗಳ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬರೀ ಆಮ್ಲದ ಕಂಠದಲ್ಲಿ ಅರಿಶಿನ ಅರಿಶಿನವಾಗಿಯೇ ಇತ್ತು. ಕಬ್ಬಿಣದ್ದು ತುಸು ಕಂದಿತ್ತು. ನಡುವಿನ ಬೀಕರಿನಲ್ಲಿ ಮಾತ್ರ, ಹನಿ ಸಿಡಿದು ಒಣಗಿದ ಕಡೆಯೆಲ್ಲ, ಕುಂಕುಮ ಹಚ್ಚಿದಷ್ಟು ಕೆಂಪಾಗಿತ್ತು.

“ಸುಣ್ಣ ಬಿದ್ದೈತೇನ?” ಎಂದರು ಸಾವಂತ್ರವ್ವ. ಆರತಿಗೆ ಓಕುಳಿ ಕಲಸಿದವರಿಗೆ ಗೊತ್ತಿರುವ ವಿಷಯ ಅದು.

“ಇದರಾಗ ಸುಣ್ಣಿಲ್ಲಬೇ, ಆಮ್ಲ ಐತಿ. ಆಮ್ಲದಾಗ ಅರಿಷಿಣ ಕೆಂಪ ಆಗೂದಿಲ್ಲ.” ಎಂದಳು ಸವಿತಾ.

“ಮತ್ತೆ ಇದು ಹೇಗಾಯಿತು?” ಎಂದರು ಮೇಡಂ.

ಸವಿತಾ ನನ್ನ ಮುಖ ನೋಡಿದಳು. ಮೂರನೆಯ ಸಲ ಕೇಳಲೋ ಬೇಡವೋ ಎಂದು ಅನುಮತಿ ಬೇಡುವ ನೋಟ ಅದು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅಂಥವನು ನಾನು. ಅರಿಶಿನದಿಂದ ಬೋರಾನ್ ಗುರುತಿಸುವ ಪರೀಕ್ಷೆಯನ್ನು ಪ್ರತಿ ವರ್ಷ ಜೂನಿಯರ್‌ಗಳಿಗೆ ಪಾಠ ಮಾಡುತ್ತೇನೆ. ಯಂತ್ರ ಬಂದ ಮೇಲೆ ಅದು ಬರೀ ಪಾಠವಾಗಿಬಿಟ್ಟಿತ್ತು. ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

“ಬೋರಾನ್ ಇದ್ರ ಹಿಂಗ ಆಗ್ತೈತ್ರಿ ಮೇಡಂ” ಎಂದಳು ಸವಿತಾ. “ಸುಣ್ಣದ ಕೆಂಪಾದ್ರ ಸೋಡಾ ಹಾಕಿದ್ರೂ ಕೆಂಪ ಉಳೀತೈತಿ. ಬೋರಾನಿಂದಾದ್ರ ಕಪ್ಪ ಆಕ್ಕೈತ್ರಿ.”

ಕೆಂಪು ಚಕ್ಕೆಯೊಂದನ್ನು ಕೆರೆದು ತಟ್ಟೆಯಲ್ಲಿಟ್ಟು ವಾಷಿಂಗ್ ಸೋಡಾದ ನೀರನ್ನು ಎರಡು ಹನಿ ಬಿಟ್ಟಳು. ನಾಲ್ವರೂ ಬಗ್ಗಿದೆವು. ನನ್ನ ಹನ್ನೊಂದು ವರ್ಷದ ಪ್ರಬಂಧ ನನ್ನ ಕಣ್ಣೆದುರಿಗೇ ಹಸಿರುಗಪ್ಪಾಯಿತು.

ಮೇಡಂ ಕನ್ನಡಕ ತೆಗೆದು ಒರೆಸಿದರು. “ಬರೀ ಆಮ್ಲಕ್ಕೂ ಹಚ್ಚಿ ಹೋಲಿಸಬೇಕೆಂದು ಹೊಳೆದದ್ದು ಯಾರಿಗೆ? ಅದಿಲ್ಲದಿದ್ದರೆ ನಾನು ನಂಬುತ್ತಿರಲಿಲ್ಲ.”

ಸಾವಂತ್ರವ್ವ ಸೆರಗು ಸರಿಮಾಡಿಕೊಂಡರು.

“ನಮಗೂ ಮೊದಲಿನಿಂದ ಅನುಮಾನ ಇತ್ತು ಮೇಡಂ” ಎಂದು ನಾನು ಶುರುಮಾಡಿದೆ. ಮೇಷ್ಟ್ರುಗಳ ನಾಲಗೆ ಹೀಗೆಯೇ, ಯಾರ ಬುದ್ಧಿಗಾದರೂ ‘ನಾವು’ ಎಂದುಬಿಡುತ್ತದೆ. ಸವಿತಾ ಕೈಗಳನ್ನು ಓಢಣಿಯೊಳಗೆ ಎಳೆದುಕೊಂಡಳು. ಬೀಕರ್ ತೊಳೆದೂ ತೊಳೆದೂ ಬೆರಳ ತುದಿಗಳು ಬಿರಿದಿದ್ದವು. ಮೂರು ವರ್ಷದಲ್ಲಿ ನಾನು ಅವನ್ನು ನೋಡಿಯೇ ಇರಲಿಲ್ಲ.

“ನಮಗ ಅಲ್ರಿ, ಅಕಿಗ” ಎಂದೆ. “ಎರಡ ಸಲ ಹೇಳಿದ್ಲು. ನಾ ಕೇಳಲಿಲ್ಲ.”

ಮೇಡಂ ಎಂಟು ವಾರದ ಗಡುವು ಕೊಟ್ಟರು, ಎರಡು ರೊಟ್ಟಿ ತಿಂದರು, ಹೋದರು. ಸವಿತಾಳಿಗೆ ಎಂಟು ವಾರ ಬೇಕಾಗಲಿಲ್ಲ. ಕಳ್ಳ ಯಾರೆಂದು ಗೊತ್ತಾದ ಮೇಲೆ ಓಡಿಸುವುದು ಕಷ್ಟವಲ್ಲ. ಅಯಾನಿಕ ದ್ರವವನ್ನು ಗ್ಲಿಸರಿನ್ ಬೆರೆಸಿದ ನೀರಿನಲ್ಲಿ ಎರಡು ಸಲ ತೊಳೆದಳು. ಬೋರಾನ್ ಗ್ಲಿಸರಿನ್ನಿನ ಬೆನ್ನುಹತ್ತಿ ಹೊರಟುಹೋಯಿತು. ಮೂರನೆಯ ವಾರ ಹೊರಗಿನ ಪರೀಕ್ಷೆಯಿಂದ ಫಲಿತಾಂಶ ಬಂತು: ತೊಂಬತ್ತೊಂಬತ್ತು ಪಾಯಿಂಟ್ ಎರಡು. ಸವಿತಾ ಆಗ ಅತ್ತಳು. ನಾನೂ ಕಣ್ಣೊರೆಸಿಕೊಂಡೆ, ಆಮ್ಲದ ಹೊಗೆ ಎಂದು ಹೇಳಿದೆ.

ಮರುದಿನ ಸಾವಂತ್ರವ್ವ ಬಂದರು. ನಾನು ಅವರನ್ನು ಬಾಗಿಲಿಗೇ ಕರೆದೊಯ್ದು ನೋಟಿಸಿನ ಕೆಳಗೆ ಹೊಸದಾಗಿ ಬರೆದಿದ್ದ ಸಾಲನ್ನು ಹೆಮ್ಮೆಯಿಂದ ತೋರಿಸಿದೆ: ‘ಭಂಡಾರಕ್ಕೆ ಅಡ್ಡಿಯಿಲ್ಲ.’

“ಮೂರ ವರ್ಷದ ಕಳ್ಳನ್ನ ನಿಮ್ಮ ಭಂಡಾರ ಒಂದ ತಾಸಿನ್ಯಾಗ ಹಿಡೀತ್ರಿ ಅವ್ವಾರ” ಎಂದೆ.

ಅವರು ಅದನ್ನು ಎರಡು ಸಲ ಓದಿದರು. ಖುಷಿಯಾದಂತೆ ಕಾಣಲಿಲ್ಲ.

“ಇದನ್ನ ಅಳಸ್ರಿ ಸರ” ಎಂದರು. “ನನ್ನ ಮಗಳ ಮಾತ ಮೊದಲನೇ ವರ್ಷ ಕೇಳಿದ್ರ, ಭಂಡಾರ ಯಾಕ ಬೇಕಾಗಿತ್ರಿ?”

ಅಳಿಸಿದೆ. ಈಗ ಅಲ್ಲಿ ಬೇರೆ ಸಾಲಿದೆ: ‘ವಿದ್ಯಾರ್ಥಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಬೇಕಾಗಿ ಬಂದರೆ, ಆ ದಿನ ಬೀಕರ್ ತೊಳೆಯುವುದು ಗೈಡ್.’ ಈ ವಾರ ನಾನು ಎರಡು ದಿನ ತೊಳೆದಿದ್ದೇನೆ.